ಬ್ಯಾಂಕಿನ ಸೆಕ್ರೆಟರಿ ಬರೆದ ಮಂಗಳ ಗ್ರಹದ ಮೋಹಿನಿ

[ತೆರೆಯ ಮೇಲೆ: ಹಳದಿ ಹಾಳೆ. ಟೈಪ್‌ರೈಟರ್ ಸದ್ದು.]

ಟೈಪಿಂಗ್ ಕಲಿತವರಿಗೆ ಗೊತ್ತಿರುತ್ತೆ. ಬೆರಳು ಪಳಗಲಿ ಅಂತ ನೆನಪಿಗೆ ಬಂದದ್ದನ್ನೆಲ್ಲ ಸುಮ್ನೆ ಕುಟ್ಟುತ್ತಾ ಹೋಗುತ್ತೇವೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಬ್ಯಾಂಕ್ ಸೆಕ್ರೆಟರಿಯಾಗಿದ್ದ ಕ್ಯಾಥರೀನ್ ಮೂರ್ ಕೂಡ ಹಾಗೇ ಕುಟ್ಟುತ್ತಿದ್ದರು. ಕಾಲೇಜಿನಲ್ಲಿ ಓದಿದ್ದ ಪದ್ಯದ ಚೂರೊಂದು ಹಾಳೆಗೆ ಬಂತು. ಕೆಂಪಗೆ ಯಾರೋ ಓಡುತ್ತಿದ್ದಾರೆ. ಯಾರು? ಯಾಕೆ?

ಕಥೆ ಹುಟ್ಟಿದ್ದೇ ಅಲ್ಲಿ.

[ತೆರೆಯ ಮೇಲೆ: ಕೆಂಪು ಮಣ್ಣು, ಕಿರಿದಾದ ಓಣಿ.]

ಮಂಗಳ ಗ್ರಹದ ಒಂದೂರು. ಕೆಂಪು ಬಟ್ಟೆಯ ಹುಡುಗಿಯನ್ನು ಜನ "ಶ್ಯಾಂಬ್ಲೋ!" ಅಂತ ಕೂಗುತ್ತಾ ಅಟ್ಟಿಸಿಕೊಂಡು ಬರುತ್ತಾರೆ. ನಾರ್ತ್‌ವೆಸ್ಟ್ ಸ್ಮಿತ್ ಎಂಬ ಪುಂಡ ಅಡ್ಡ ನಿಂತು, ಇವಳು ನನ್ನವಳು ಅನ್ನುತ್ತಾನೆ. ವಿಚಿತ್ರ ನೋಡಿ, ಆ ಮಾತಿಗೆ ಜನ ಜಗಳಕ್ಕೆ ಬರುವುದಿಲ್ಲ. ಅಸಹ್ಯಪಟ್ಟು ಚದುರಿಬಿಡುತ್ತಾರೆ.

ಅವಳನ್ನು ತನ್ನ ಕೋಣೆಗೆ ಕರೆತರುತ್ತಾನೆ. ಅವಳ ತಲೆಗೆ ಬಿಗಿಯಾದ ರುಮಾಲು. ಅದರೊಳಗಿಂದ ಕೆಂಪು ಕೂದಲ ಎಳೆಯೊಂದು ಜಾರುತ್ತದೆ. ತಾನಾಗಿಯೇ ಹೊರಳಿದಂತೆ ಕಾಣುತ್ತದೆ. ಅವಳು ಗಬಕ್ಕನೆ ಒಳಗೆ ತುರುಕುತ್ತಾಳೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಅಜ್ಜಿ ಕಥೆಯಲ್ಲಿ ಮೋಹಿನಿಯ ಪಾದ ಹಿಂದುಮುಂದಾಗಿರುವುದು ಕಣ್ಣಿಗೆ ಬೀಳುತ್ತಲ್ಲ, ಅದೇ ಜುಮ್ಮೆನ್ನುವ ಕ್ಷಣ.

1933ರ ನವೆಂಬರ್‌ನಲ್ಲಿ ಇದು 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಬೆಲೆ 25 ಸೆಂಟ್. ಕಾಗದ ಅಗ್ಗದ, ಒರಟು ಮರದ ತಿರುಳಿನದು. ಇಂಥ ಪತ್ರಿಕೆಗಳಿಗೆ ಪಲ್ಪ್ ಅನ್ನುವ ಹೆಸರು ಬಂದದ್ದೇ ಅದರಿಂದ.

ಲೇಖಕರ ಹೆಸರು ಬರೀ ಸಿ. ಎಲ್. ಮೂರ್ ಅಂತಿತ್ತು. ಹೆಣ್ಣು ಅಂತ ಗೊತ್ತಾಗದಿರಲಿ ಎಂದು ಹಾಗೆ ಮಾಡಿದರು ಅನ್ನುವವರೇ ಜಾಸ್ತಿ. ಕೇಳಲು ಚೆನ್ನಾಗಿದೆ, ಆದರೆ ನಿಜ ಅಲ್ಲ. ಮೂರ್ ಅವರೇ ಹೇಳಿರುವಂತೆ, ಅವರು ಬಚ್ಚಿಟ್ಟದ್ದು ಬ್ಯಾಂಕಿನಿಂದ. ಆರ್ಥಿಕ ಕುಸಿತದ ಕಾಲ. ಇವರಿಗೆ ಬೇರೆ ಕಡೆಯಿಂದಲೂ ದುಡ್ಡು ಬರುತ್ತೆ ಅಂತ ತಿಳಿದರೆ ಕೆಲಸಕ್ಕೇ ಕುತ್ತು. ಅದೇ ಪತ್ರಿಕೆಯಲ್ಲಿ ಮೇರಿ ಎಲಿಜಬೆತ್ ಕೌನ್ಸೆಲ್‌ಮನ್ ಪೂರ್ತಿ ಹೆಸರಲ್ಲೇ ಬರೆಯುತ್ತಿದ್ದರು, ಅಲ್ವಾ?

1934ರ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ಬಂದಳು ಮೂರ್ ಅವರ ಇನ್ನೊಂದು ಕಥೆಯ ನಾಯಕಿ, ಜಿರೆಲ್. ಕೋಟೆ ಗೆದ್ದವನ ಮುಂದೆ ಸೆರೆಸಿಕ್ಕ ಒಡೆಯನನ್ನು ತಂದು ನಿಲ್ಲಿಸುತ್ತಾರೆ. ಲೋಹದ ಟೋಪಿ ತೆಗೆಸಿದರೆ ಒಳಗಿರುವುದು ಹೆಣ್ಣು! ಆ ಸಂಚಿಕೆಯ ಮುಖಪುಟದ ಚಿತ್ರ ಬರೆದವರೂ ಹೆಂಗಸೇ, ಮಾರ್ಗರೆಟ್ ಬ್ರಂಡೇಜ್.

[ತೆರೆಯ ಮೇಲೆ: ಒಂದು ಕಾಗದ, ಮೇಲೆ 'ಮಿಸ್ಟರ್'.]

1936ರಲ್ಲಿ ಹೆನ್ರಿ ಕಟ್ನರ್ ಎಂಬ ಯುವ ಲೇಖಕ ಮೆಚ್ಚಿ ಕಾಗದ ಬರೆದ, 'ಮಿಸ್ಟರ್ ಮೂರ್' ಅವರಿಗೆ. 1940ರಲ್ಲಿ ಇಬ್ಬರೂ ಮದುವೆಯಾದರು. ಆಮೇಲೆ ಟೈಪ್‌ರೈಟರ್ ಮುಂದಿನಿಂದ ಒಬ್ಬರು ಎದ್ದರೆ ಇನ್ನೊಬ್ಬರು ಕೂತು, ನಿಂತಲ್ಲಿಂದ ಕಥೆ ಮುಂದುವರಿಸುತ್ತಿದ್ದರು. ಯಾವ ಸಾಲು ಯಾರದು ಅಂತ ಕೊನೆಗೆ ಅವರಿಗೇ ಗೊತ್ತಾಗುತ್ತಿರಲಿಲ್ಲವಂತೆ.