ಗೋಡೆಯೊಳಗಿನ ಕಾವಲುಗಾರರು

ಕೇಳುಗರಿಗೆ ನಮಸ್ಕಾರ.

ನಮ್ಮ ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗಂಜ್‌ಗಳನ್ನು ನೀವು ನೋಡಿರುತ್ತೀರಿ. ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಆ ಗೋಪುರಗಳಲ್ಲಿ ಒತ್ತಡ ಇಳಿದು ರಾಡಿ ತಳಕ್ಕೆ ಕೂರುತ್ತಿತ್ತು. ಹೃದಯದ ನಾಳ ಬ್ಲಾಕ್ ಆಗಿದೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದೂ ಇಂಥದೇ ಕೊಳವೆ, ಒಳಗೆ ಕೂತ ರಾಡಿ, ಅಲ್ವಾ? ಆದರೆ ಕೊಬ್ಬು ಸೇರುವುದು ನಾಳದ ಗೋಡೆಯೊಳಗೆ. ಅದನ್ನು ಅಲ್ಲಿ ಗುಡ್ಡೆ ಹಾಕುವುದು ನಮ್ಮನ್ನು ಕಾಯುವ ಬಿಳಿ ರಕ್ತಕಣಗಳೇ.

ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಜಾಸ್ತಿಯಾದಾಗ ಅದರ ಕಣಗಳು ಗೋಡೆಯಲ್ಲಿ ಸಿಕ್ಕಿಕೊಂಡು ಕೆಡುತ್ತವೆ. ಹಳೆಯ ಶೇಂಗಾ ಎಣ್ಣೆ ಕಮಟು ಹಿಡಿಯುತ್ತದಲ್ಲ, ಹಾಗೆ. ನಾಳದ ಒಳಪದರ ಸಹಾಯಕ್ಕೆ ಕರೆಯುತ್ತದೆ. ರಕ್ತದಲ್ಲಿ ಹೊರಟಿದ್ದ ಮಾನೋಸೈಟ್ ಎಂಬ ಬಿಳಿ ರಕ್ತಕಣ ಅಲ್ಲಿ ಅಂಟಿಕೊಂಡು ಒಳಗೆ ನುಸುಳಿ ಮ್ಯಾಕ್ರೋಫೇಜ್ ಆಗುತ್ತದೆ. ರೋಗಾಣು ತಿನ್ನುವುದು ಇದರ ಕಸುಬು. ಇಲ್ಲಿ ಕೆಟ್ಟ ಕೊಬ್ಬನ್ನು ತಿನ್ನುತ್ತದೆ, ಸಾಕು ಅನ್ನುವುದೇ ಇಲ್ಲ. ಉಬ್ಬಿ ಉಬ್ಬಿ ಸೂಕ್ಷ್ಮದರ್ಶಕದಡಿ ನೊರೆಯಂತೆ ಕಾಣುತ್ತದೆ. ಅದಕ್ಕೇ ನೊರೆಕೋಶ ಎಂದು ಹೆಸರು. ಅಲ್ಲೇ ಸಾಯುತ್ತದೆ. ಸತ್ತದ್ದನ್ನು ಎತ್ತಲು ಬಂದವೂ ಅಲ್ಲೇ ಉಳಿಯುತ್ತವೆ. ಪಾಪ, ಅವು ತಮ್ಮ ಕೆಲಸವನ್ನೇ ಮಾಡುತ್ತಿವೆ.

2017ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಹೃದಯಾಘಾತ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕೊಲೆಸ್ಟರಾಲ್ ಮುಟ್ಟದೆ ಉರಿಯೂತವನ್ನಷ್ಟೇ, ಅಂದರೆ ಈ ಕಾವಲುಗಾರರ ಅಬ್ಬರವನ್ನಷ್ಟೇ, ತಗ್ಗಿಸುವ ಔಷಧ ಕೊಟ್ಟಾಗಲೂ ಮತ್ತೆ ಆಘಾತ ಆಗುವುದು ಕಡಿಮೆಯಾಯಿತು. ಆದರೆ ಸೋಂಕಿನಿಂದ ಸತ್ತವರು ಸ್ವಲ್ಪ ಹೆಚ್ಚಿದರು. ಕಾವಲುಗಾರರ ಕೈ ಕಟ್ಟುವುದು ಸುಲಭವಲ್ಲ. ಅವರನ್ನು ಕರೆಸುವ ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಎಲ್‌ಡಿಎಲ್‌ಗಳನ್ನು ಹಿಡಿತದಲ್ಲಿಡುವುದು ನಮ್ಮ ಕೈಯಲ್ಲಿದೆ.

ಗೋಡೆಯೊಳಗೆ ಹೀಗೆ ಬೆಳೆದ ಕೊಬ್ಬಿನ ಗಂಟಿನ ಮೇಲೆ ದೇಹ ನಾರಿನ ಮುಚ್ಚಳ ಕಟ್ಟುತ್ತದೆ. ಅದೇ ಮ್ಯಾಕ್ರೋಫೇಜ್‌ಗಳು ಮುಚ್ಚಳವನ್ನು ಕರಗಿಸುತ್ತಾ ಹೋಗುತ್ತವೆ. ತೆಳುವಾದ ಮುಚ್ಚಳ ಒಂದು ದಿನ ಒಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಬಹುದು. ಅರ್ಧವೂ ಕಟ್ಟಿರದ ನಾಳದಲ್ಲೂ ಹೀಗಾಗುತ್ತದೆ.

ನಮ್ಮ ಕಾಕಾ ಹಿಂದಿನ ದಿನ ಹೊಲದವರೆಗೆ ನಡೆದು ಬಂದಿದ್ದರು. ದಣಿವು ಕೂಡ ಇರಲಿಲ್ಲ. ಬೆಳಿಗ್ಗೆ ಎದೆ ಬಿಗಿಯಿತು, ಬೆವರು ಕಿತ್ತಿತು. ನಿನ್ನೆ ಗಟ್ಟಿಯಾಗಿದ್ದವರಿಗೆ ಇಂದು ಏನಾಗುತ್ತದೆ, ವಾಯು ಇರಬೇಕು ಅಂತ ಸೋಡಾ ಕುಡಿಸಿದೆವು. ಎರಡು ತಾಸು ಕಾದೆವು. ಕಾಕಾ ಉಳಿಯಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆ ಹಿಂಡಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಬಂದರೆ ಸೋಡಾ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ.