ಫರ್ಮಾ ಮುಗ್ಗರಿಸಿದ ಸಂಖ್ಯೆ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಪೆನ್ಸಿಲ್ಲು, ಹರಿದ ಕ್ಯಾಲೆಂಡರ್ ಹಾಳೆ ಏನಾದರೂ ಇದ್ದರೆ ತೆಗೆದುಕೊಳ್ಳಿ. ಒಂದು ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳಿ. ನಾಲ್ಕು, ಎರಡು, ಒಂಬತ್ತು, ನಾಲ್ಕು, ಒಂಬತ್ತು, ಆರು, ಏಳು, ಎರಡು, ಒಂಬತ್ತು, ಏಳು. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297.

ಇದು ಎಲ್ಲಿಂದ ಬಂತು? 2ನ್ನು 2ರಿಂದಲೇ ಗುಣಿಸಿ, 4. 4ನ್ನು 4ರಿಂದ, 16. ಹಾಗೇ ಮುಂದೆ 256, ಆಮೇಲೆ 65536. ಒಂದೊಂದಕ್ಕೂ 1 ಕೂಡಿಸಿ: 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ. 65536ನ್ನು ಅದರಿಂದಲೇ ಗುಣಿಸಿ 1 ಕೂಡಿಸಿದರೆ ಬರುವ ಆರನೆಯದೇ ನೀವು ಬರೆದುಕೊಂಡದ್ದು.

ಫ್ರಾನ್ಸಿನ ಗಣಿತಜ್ಞ ಪಿಯೆರ್ ದ ಫರ್ಮಾ 1640ರಲ್ಲಿ ಈ ಸಾಲಿನವೆಲ್ಲ ಅವಿಭಾಜ್ಯವೇ ಇರಬೇಕು ಅಂತ ಬರೆದ. ರುಜುವಾತು ಕೈಗೆ ಸಿಕ್ಕಿಲ್ಲ ಅಂತಲೂ ಒಪ್ಪಿಕೊಂಡ. ಪಾಪ, ಐದು ಸಲ ಸರಿ ಬಂದಿತ್ತು, ಯಾರಿಗಾದರೂ ಹಾಗೇ ಅನ್ನಿಸುತ್ತೆ ಅಲ್ವಾ?

ಸುಮಾರು 90 ವರ್ಷ ಹಾಗೇ ಹೋಯಿತು. 1729ರಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞ ಒಂದು ಪತ್ರದಲ್ಲಿ ಈ ಮಾತೆತ್ತಿ ಇನ್ನೊಬ್ಬ ಗಣಿತಜ್ಞ ಆಯ್ಲರನನ್ನು ಕೆಣಕಿದ. 1732ರಲ್ಲಿ, 25ರ ಹರೆಯದ ಆಯ್ಲರ್ ಆ ಆರನೆಯ ಸಂಖ್ಯೆಯನ್ನು ಒಡೆದೇಬಿಟ್ಟ. 641ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ.

ಹತ್ತು ಅಂಕಿಯ ಭಾಗಾಕಾರ ಮಾಡಬೇಕಿಲ್ಲ, ಸುಲಭದ ದಾರಿ ಇದೆ. 65536ನ್ನು 641ರಿಂದ ಭಾಗಿಸಿ. 102 ಸಲ ಹೋಗಿ 154 ಉಳಿಯುತ್ತದೆ. ಮುಂದೆ ಆ ದೊಡ್ಡ ಸಂಖ್ಯೆ ಬೇಡ, ಶೇಷ 154 ಸಾಕು. 154ನ್ನು 154ರಿಂದ ಗುಣಿಸಿ: 23716. ಇದನ್ನು ಮತ್ತೆ 641ರಿಂದ ಭಾಗಿಸಿ. 36 ಸಲ ಹೋಗಿ 640 ಉಳಿಯಿತು. ಕೊನೆಗೆ ಕೂಡಿಸಬೇಕಾದ 1 ಬಾಕಿ ಇತ್ತಲ್ಲ, ಸೇರಿಸಿ. 641! ಲೆಕ್ಕ ಚುಕ್ತಾ.

641 ಮಾತ್ರ ಆಯ್ಲರನಿಗೆ ಹೊಳೆದದ್ದು ಹೇಗೆ? ಈ ಸಂಖ್ಯೆಯನ್ನು ಯಾವ ಅವಿಭಾಜ್ಯ ಒಡೆದರೂ ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು ಅಂತ ಆತ ಆಮೇಲೆ ಸಾಧಿಸಿ ತೋರಿಸಿದ. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಸಿಕ್ಕಿಬಿಡುತ್ತದೆ! ಇಷ್ಟು ಹತ್ತಿರ ಇದ್ದದ್ದು ಫರ್ಮಾನಂಥವನ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಇನ್ನೊಂದು ತಮಾಷೆ. ಮೊದಲ ಐದನ್ನೂ, 3, 5, 17, 257, 65537, ಒಟ್ಟಿಗೆ ಗುಣಿಸಿ ನೋಡಿ. 4294967295 ಬರುತ್ತದೆ. ನಮ್ಮ ಸಂಖ್ಯೆಗಿಂತ ಬರೀ ಎರಡು ಕಮ್ಮಿ. ಹಾಗಾಗಿ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ 2 ಉಳಿದುಬಿಡುತ್ತದೆ, ಒಂದೂ ಇದನ್ನು ಒಡೆಯಲಾರದು. ಮೇಲಿನ ಪಟ್ಟಿಯಿಂದ 257ನ್ನೂ ಹೊಡೆದುಹಾಕಿ, ಪ್ರಯತ್ನ ನಾಲ್ಕಕ್ಕೇ ಇಳಿಯಿತು.

ಈ ಸಾಲಿನಲ್ಲಿ ಆರನೇ ಅವಿಭಾಜ್ಯ ಯಾರಿಗೂ ಸಿಕ್ಕಿಲ್ಲ, ಕಂಪ್ಯೂಟರಿಗೂ. ಅಂದಹಾಗೆ 641ರಿಂದ ಭಾಗಿಸಿದಾಗ ನಿಮಗೆ 6700417 ಬರಬೇಕು. ಅದನ್ನು ಒಡೆಯಲು ಸುಮ್ನೆ ಕೂರಬೇಡಿ. ಅದು ಅವಿಭಾಜ್ಯವೇ.