ಮಣಿ, ಮೇಣ, ಬೆಳಕು: ಇಶು ಪಟೇಲರ ಮೇಜಿನ ಮೇಲೆ

ಅನಿಮೇಷನ್ ಚಿತ್ರಗಳ ನಿರ್ದೇಶಕ ಇಶು ಪಟೇಲರನ್ನು ಈ ಸಭೆಗೆ ಪರಿಚಯಿಸಬೇಕಿಲ್ಲ. ಗುಜರಾತಿನವರು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಕಲಿತವರು, ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ವರ್ಷಗಟ್ಟಲೆ ದುಡಿದವರು. ಎರಡು ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೆ ಹೋದವು. ಅದನ್ನೆಲ್ಲ ಬದಿಗಿಡೋಣ. ಇವತ್ತು ನಾನು ಒತ್ತಿ ಹೇಳಬೇಕಾದದ್ದು ಒಂದೇ: ಅವರ ಚಿತ್ರಗಳಲ್ಲಿ ಕಥೆಯನ್ನು ನಡೆಸುವುದು ಕೈಯಲ್ಲಿರುವ ವಸ್ತು.

1977ರ ‘ಬೀಡ್ ಗೇಮ್’ ನೆನಪಿಸಿಕೊಳ್ಳಿ. ಉತ್ತರ ಧ್ರುವದ ಕಡೆಯ ಮೂಲನಿವಾಸಿ ಇನ್ಯೂಟ್ ಹೆಂಗಸರ ಮಣಿಕೆಲಸದಿಂದ ಹೊಳೆದ ಚಿತ್ರ. ಕಪ್ಪು ನೆಲ, ನೆತ್ತಿಯ ಮೇಲೆ ಕ್ಯಾಮೆರಾ, ಸಾವಿರಾರು ಬಣ್ಣದ ಮಣಿ. ಮಣಿಗಳನ್ನು ಚೂರುಚೂರೇ ಸರಿಸಿ, ಪ್ರತಿ ಸಲ ಒಂದು ಫೋಟೋ ತೆಗೆದು, ಕೊನೆಗೆ ಎಲ್ಲವನ್ನೂ ಸಾಲಾಗಿ ಓಡಿಸುವ ಕೆಲಸ. ಮಣಿಯಿಂದಾದ ಒಂದು ಜೀವಿ ಇನ್ನೊಂದನ್ನು ನುಂಗುತ್ತದೆ, ಅದನ್ನು ಮತ್ತೊಂದು ನುಂಗುತ್ತದೆ. ಯಾಕೆ ಈ ನುಂಗಾಟ? ಮಣಿಯಲ್ಲಿ ಕುದುರೆ ಓಡಿಸಲು ಹೊರಟರೆ ಪ್ರತಿ ಸಲವೂ ಇಡೀ ಕುದುರೆಯನ್ನು ಕೆಡವಿ ಜೋಡಿಸಬೇಕು. ಹಿಗ್ಗಿಸುವುದಾದರೆ ಅಂಚಿಗೆ ಒಂದು ಸಾಲು ಸೇರಿಸಿದರೆ ಆಯಿತು. ಹಿಗ್ಗುವುದು, ಬೆರೆಯುವುದು, ಒಡೆಯುವುದು, ಇವೇ ಮಣಿಗೆ ಒಗ್ಗುವ ಚಲನೆಗಳು. ಲೆಕ್ಕ ಹಾಕಿ: ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. ಒಂದೊಂದು ಜೋಡಣೆಯನ್ನು ಎರಡು ಫ್ರೇಮು ತೆಗೆದರೂ ನಿಮಿಷಕ್ಕೆ 720 ಜೋಡಣೆ. ನಡುವೆ ಒಂದು ಸಲ ಸೀನಿಬಿಟ್ಟರೆ ಆ ದಿನದ ಕೆಲಸ ಹೋಯಿತು! ತೋಳು ತಾಗಿ ಸರಿದ ಮಣಿಯನ್ನು ಅದೇ ಜಾಗಕ್ಕೆ ಇಟ್ಟೆವೆಂದುಕೊಂಡರೂ ಪರದೆಯ ಮೇಲೆ ಅದು ಪಟ್ಟನೆ ಜಿಗಿಯುತ್ತದೆ. ಹಾಗಾಗಿ ಚಿಮುಟ ಬೇಕು, ಮೊಣಕೈವರೆಗೆ ಮಡಿಸಿದ ಕಪ್ಪು ಅಂಗಿ ಬೇಕು, ಅಲುಗದ ಮೇಜು ಬೇಕು.

ಮರುವರ್ಷದ ‘ಆಫ್ಟರ್‌ಲೈಫ್’ನಲ್ಲಿ ವಸ್ತು ಬದಲಾಯಿತು, ಕಥೆಯೂ ಬದಲಾಯಿತು. ಗಾಜು, ಅಡಿಯಲ್ಲಿ ದೀಪ, ಮೇಲೆ ಸವರಿದ ಪ್ಲಾಸ್ಟಿಸಿನ್, ಮಕ್ಕಳು ಬೊಂಬೆ ಮಾಡುವ ಮೆತ್ತನೆಯ ಮೇಣ. ದಪ್ಪಗಿದ್ದಲ್ಲಿ ಕತ್ತಲು, ಕೆರೆದಲ್ಲಿ ಬೆಳಕು. ಮುಂದಿನ ಫ್ರೇಮಿನ ಚಿತ್ರ ಬೇಕೆಂದರೆ ಹಿಂದಿನದನ್ನು ಬೆರಳಿನಿಂದಲೇ ಅಳಿಸಬೇಕು. ಸಾವಿನಾಚೆಯ ಪಯಣವನ್ನು ಹೇಳಲು ಇದಕ್ಕಿಂತ ಒಪ್ಪುವ ದಾರಿ ಯಾವುದಿದೆ? ಮಾಡಿ ನೋಡುವವರಿಗೆ ಕೆಲವು ಎಚ್ಚರಿಕೆ. ಬಿಸಿಯಾಗುವ ಬಲ್ಬು ಬೇಡ, ಮೇಣ ಮೆತ್ತಗಾಗಿ ಗೆರೆ ಜಾರುತ್ತದೆ. ಎಲ್‌ಇಡಿ ಹಲಗೆ ಇಟ್ಟು, ಅದರ ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಹಾಸಿ. ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ಮೂರನ್ನೂ ಕೈಯಿಂದ ಹೊಂದಿಸಿ ಬಿಗಿಮಾಡಿ, ಇಲ್ಲದಿದ್ದರೆ ಚಿತ್ರ ಮಿಣುಮಿಣುಕುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ.

ಚೀಟಿ ಬಂತು, ನನಗೆ ಇನ್ನು ಐದೇ ನಿಮಿಷವಂತೆ. 1984ರ ‘ಪ್ಯಾರಡೈಸ್’ ಬಗ್ಗೆ ಹೇಳುವುದು ಬಹಳ ಇತ್ತು, ಬಿಡುತ್ತೇನೆ. ಮಿನುಗುವ ಆ ಅರಮನೆಯನ್ನು ನೋಡುವಾಗ ಬೆಳಕನ್ನೇ ವಸ್ತುವಾಗಿ ಬಳಸಿದ್ದನ್ನು ಗಮನಿಸಿ, ಅಷ್ಟು ಸಾಕು.

ಮುಂದೆ ಅವರು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. ಇಲ್ಲಿರುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಸಾಫ್ಟ್‌ವೇರಿಗೆ ಮೊದಲು ಮಕ್ಕಳಿಗೆ ಗಾಜು, ಮೇಣ ಕೊಡಿ. ಹನ್ನೆರಡು ಚಿತ್ರ, ಒಂದೇ ಸೆಕೆಂಡು. ಮಾಡಿದ್ದನ್ನು ರದ್ದುಮಾಡುವ ‘ಅನ್‌ಡೂ’ ಗುಂಡಿಯಿಲ್ಲದ ಒಂದು ಸೆಕೆಂಡು. ಮೊದಲ ದಿನ ಒಂದೇ ಬಣ್ಣ ಕೊಡಿ. ಎರಡು ಕೊಟ್ಟರೆ ಹತ್ತನೇ ಚಿತ್ರದ ಹೊತ್ತಿಗೆ ಎರಡೂ ಕಲಸಿ ಕೆಸರುಬಣ್ಣವಾಗಿರುತ್ತದೆ.